ಪ್ಲಾಸಿ ಹಡಗನ್ನು ನೋಡಹೊರಟ ಮಗಳಿಗೆ

ಪುಟ್ಟಿ,

ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು ಅಂತ ನಿನ್ನಮ್ಮ ಫೋನ್ ಮಾಡಿ ಹೇಳಿದಾಗ ಆದ ಸಂತೋಷ ಇನ್ನೂ ಹಾಗೇ ಇದೆ. ಜೆ.ಪಿ. ನಗರದ ಮನೆ ಬಿಟ್ಟು ಒಂದು ವರ್ಷ ಅಷ್ಟು ದೂರ ಇರೋದು ಸುಲಭ ಅಲ್ಲ, ಆದರೆ ನೀನು ಹೋಗಬೇಕು, ಓದಬೇಕು, ಊರೂ ನೋಡಬೇಕು. ಮೊನ್ನೆ ಮೊಬೈಲಿನಲ್ಲಿ ನೀನು ತೋರಿಸಿದ ಪಟ್ಟಿಯಲ್ಲಿ ಮೊಹರ್‌ನ ಕಡಿದಾದ ಬಂಡೆಗಳಿದ್ದವು, ಡಬ್ಲಿನ್ ಇತ್ತು, ಜೊತೆಗೆ ತುಕ್ಕು ಹಿಡಿದು ಕಂದಾದ ಒಂದು ಹಡಗಿನ ಚಿತ್ರವೂ ಇತ್ತು. ಕಲ್ಲಿನ ದಡದ ಮೇಲೆ ನೀರಿನಿಂದ ಆಚೆ ಕೂತಿರುವ ಹಡಗು. 'ಇದು ಫಾದರ್ ಟೆಡ್ ಹಡಗು ದೊಡ್ಡಮ್ಮ, ಇಲ್ಲಿ ಒಂದು ಫೋಟೋ ತೆಗೆಸಿಕೊಳ್ಳಲೇಬೇಕು' ಅಂದೆ. ಕಾಫಿ ಕುಡಿದು ಹೊರಡೋ ಅವಸರದಲ್ಲಿದ್ದೆ, ನಾನು ಮಾತು ಬೆಳೆಸಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನ್ನ ಅಕ್ಕ ಗಾಲ್ವೇಯಲ್ಲಿದ್ದಾಗ ನಾನೂ ನಿನ್ನ ದೊಡ್ಡಪ್ಪನೂ ಆ ಹಡಗಿನ ಹತ್ತಿರ ಹೋಗಿ ನಿಂತು ಬಂದವರು. ಇಷ್ಟು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವಳಿಗೆ ಅಲ್ಲಿ ಕಂಡದ್ದನ್ನು ನಿನಗೆ ಹೇಳದೆ ಕಳಿಸೋದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಫಾದರ್ ಟೆಡ್ ಅಂದರೆ 1995ರಿಂದ 1998ರವರೆಗೆ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ ಹಾಸ್ಯ ಧಾರಾವಾಹಿ. ಅದರ ಶುರುವಿನ ದೃಶ್ಯದಲ್ಲಿ ಈ ಹಡಗು ಆಕಾಶದಿಂದ ಕಾಣುತ್ತದೆ. ಅದರಿಂದ ಹಡಗಿಗೆ ಹೆಸರು ಬಂತು, ಜನ ಬಂದರು, ಒಳ್ಳೆಯದೇ. ಆದರೆ ಹಡಗಿನ ನಿಜವಾದ ಕಥೆ ಅದಕ್ಕೂ ಮೂವತ್ತೈದು ವರ್ಷ ಹಿಂದಿನದು. ಅದನ್ನು ತಿಳಿದುಕೊಂಡೇ ಹೋಗು ಅನ್ನೋದು ನನ್ನ ಕಿವಿಮಾತು.

ಆ ಹಡಗು ಇರುವ ದ್ವೀಪದ ಹೆಸರು ಇನಿಶೀರ್. ಗಾಲ್ವೇ ಕೊಲ್ಲಿಯ ಬಾಯಲ್ಲಿ ಸಾಲಾಗಿರುವ ಮೂರು ಅರಾನ್ ದ್ವೀಪಗಳಲ್ಲಿ ಇದು ತೀರಾ ಚಿಕ್ಕದು. ಈ ತುದಿಯಿಂದ ಆ ತುದಿಗೆ ಮೂರು ಕಿಲೋಮೀಟರಿನಷ್ಟು. ಅಲ್ಲಿರುವ ಜನ ಮುನ್ನೂರು ಚಿಲ್ಲರೆ. ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ. 1960ರ ಮಾರ್ಚ್ 8ರಂದು ಪ್ಲಾಸಿ ಅನ್ನುವ ಸರಕು ಹಡಗು ಕೆರ್ರಿ ಜಿಲ್ಲೆಯ ಫೆನಿಟ್ ಬಂದರಿನಿಂದ ಗಾಲ್ವೇ ಕಡೆಗೆ ಬರುತ್ತಿತ್ತು. ಒಳಗೆ ನೂಲು, ಬಣ್ಣದ ಗಾಜು, ವಿಸ್ಕಿ ಇದ್ದವು ಅಂತ ದಾಖಲೆ. ಅಟ್ಲಾಂಟಿಕ್ಕಿನ ಬಿರುಗಾಳಿ ಎದ್ದಿತು. ಇನಿಶೀರ್ ಪಕ್ಕದ ಫಿನ್ನಿಸ್ ಬಂಡೆಗೆ ಹಡಗು ಬಡಿಯಿತು. ತಳ ಒಡೆದು ನೀರು ನುಗ್ಗಿತು. ಹಡಗಿನಲ್ಲಿದ್ದವರು ಹನ್ನೊಂದು ಮಂದಿ.

ಇಲ್ಲಿ ಸ್ವಲ್ಪ ನಿಲ್ಲು. ಸಮುದ್ರ ಅಂದರೆ ಬೆಂಗಳೂರಿನವರಾದ ನಮಗೆ ರಜೆಯ ಜಾಗ. ಹಡಗು ಮುಳುಗಿತು ಅಂದ ತಕ್ಷಣ ನಡುಗಡಲಿನ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಎಷ್ಟೋ ಹಡಗುಗಳು ಒಡೆಯೋದು ದಡ ಕಾಣುವಷ್ಟು ಹತ್ತಿರದಲ್ಲಿ. ಹಡಗಿನವರಿಗೆ ದಡದ ಮೇಲೆ ನಿಂತವರ ಮುಖ ಕಾಣುತ್ತದೆ, ದಡದವರಿಗೆ ಹಡಗಿನವರು ಕೈ ಬೀಸೋದು ಕಾಣುತ್ತದೆ. ನಡುವೆ ಇರುವ ಇಷ್ಟೇ ನೀರಿನಲ್ಲಿ ದೋಣಿ ಇಳಿಸಲಾಗದು, ಈಜಲಾಗದು. ಆ ಅಲೆಗಳು ಮನುಷ್ಯರನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತವೆ. 1807ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಆನ್ಸನ್ ಅನ್ನುವ ಯುದ್ಧನೌಕೆ ಹೀಗೇ ದಡದ ಪಕ್ಕದಲ್ಲಿ ಒಡೆದು, ನೋಡುತ್ತಾ ನಿಂತ ಊರವರ ಕಣ್ಣೆದುರಿಗೇ ಬಹಳ ಜನ ಸತ್ತರು. ನೋಡುತ್ತಿದ್ದವರಲ್ಲಿ ಹೆನ್ರಿ ಟ್ರೆಂಗ್ರೌಸ್ ಅನ್ನುವ ಮರಗೆಲಸದವನೊಬ್ಬ ಇದ್ದ. ಅವನಿಗೆ ಆ ದೃಶ್ಯ ಮರೆಯಲಾಗಲಿಲ್ಲ. ದಡಕ್ಕೂ ಹಡಗಿಗೂ ನಡುವೆ ಒಂದು ಹಗ್ಗ ದಾಟಿಸಲು ಸಾಧ್ಯವಾಗಿದ್ದರೆ ಅವರೆಲ್ಲ ಬದುಕುತ್ತಿದ್ದರು ಅಂತ ಯೋಚಿಸಿ, ಹಗ್ಗ ಹೊತ್ತು ಹಾರುವ ರಾಕೆಟ್ಟನ್ನು ಮಾಡಿದ. ಅವನ ಆಯುಷ್ಯವೂ ಹಣವೂ ಅದಕ್ಕೇ ಹೋದವು.

ಇನಿಶೀರ್ ದ್ವೀಪದಲ್ಲಿ ಅಂಥ ರಾಕೆಟ್ ಹಾರಿಸುವ ಒಂದು ತಂಡವಿತ್ತು. ಸಂಬಳದ ಸಿಪಾಯಿಗಳಲ್ಲ, ಮೀನು ಹಿಡಿಯುವ, ಆಲೂಗೆಡ್ಡೆ ಬೆಳೆಯುವ ದ್ವೀಪದ ಜನರೇ. ಆ ಬಿರುಗಾಳಿಯಲ್ಲಿ ಅವರು ದಡಕ್ಕೆ ಬಂದು ರಾಕೆಟ್ ಹಾರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ, ಹಡಗಿನ ಮುಂದೆ ನಿಂತಾಗ ನಿನಗೆ ಬೇಕಾಗುತ್ತದೆ. ರಾಕೆಟ್ಟಿನ ಬಾಲಕ್ಕೆ ಸಣ್ಣ ಹುರಿ ಕಟ್ಟಿರುತ್ತಾರೆ. ಗಾಳಿಯ ಲೆಕ್ಕ ಹಿಡಿದು ಗುರಿಯಿಟ್ಟರೆ ರಾಕೆಟ್ ಹಡಗಿನ ಮೇಲಿಂದ ಹಾದು ಆಚೆ ಬೀಳುತ್ತದೆ, ಹುರಿ ಹಡಗಿನ ಮೇಲೆ ಉಳಿಯುತ್ತದೆ. ಗುರಿ ತಪ್ಪಿದರೆ ಮತ್ತೆ ಮೊದಲಿಂದ. ಹಡಗಿನವರು ಆ ಹುರಿ ಎಳೆದರೆ ಅದರ ಹಿಂದೆ ರಾಟೆಯೂ ಇನ್ನೊಂದು ದಪ್ಪ ಹಗ್ಗವೂ ಬರುತ್ತವೆ. ಕೊನೆಗೆ ಬರುವ ಭಾರಿ ಹಗ್ಗವನ್ನು ಹಡಗಿನ ಕಂಬದ ಎತ್ತರದಲ್ಲಿ ಬಿಗಿಯುತ್ತಾರೆ, ಈಚೆ ತುದಿಯನ್ನು ದಡದಲ್ಲಿ. ಆ ಹಗ್ಗದ ಮೇಲೆ ಒಂದು ದುಂಡನೆಯ ತೇಲುಬಳೆ ಜಾರುತ್ತದೆ, ಅದಕ್ಕೆ ಕ್ಯಾನ್ವಾಸ್ ಬಟ್ಟೆಯ ಚಡ್ಡಿ ಹೊಲಿದಿರುತ್ತಾರೆ. ಒಬ್ಬರು ಅದರೊಳಗೆ ಕಾಲು ತೂರಿಸಿ ಕೂರಬೇಕು. ಬ್ರೀಚಸ್ ಬಾಯ್ ಅಂತ ಅದನ್ನು ಕರೆಯುತ್ತಾರೆ. ದಡದವರು ಎಳೆಯಬೇಕು. ಹಡಗು ಅಲೆಗೆ ಹೊಯ್ದಾಡಿದಾಗ ಹಗ್ಗ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗಿ ಕೂತವರನ್ನು ನೀರಿಗೆ ಅದ್ದುತ್ತದೆ. ಒಬ್ಬರನ್ನು ಇಳಿಸಿ, ಖಾಲಿ ಬಳೆಯನ್ನು ಹಡಗಿಗೆ ವಾಪಸ್ ಕಳಿಸಿ, ಇನ್ನೊಬ್ಬರನ್ನು ಎಳೆಯಬೇಕು. ಕೈಬಲ ಒಂದೇ ಆಧಾರ.

ಹನ್ನೊಂದು ಮಂದಿಯನ್ನೂ ಹೀಗೇ ಎಳೆದು ತಂದರು. ಒಬ್ಬರೂ ಸಾಯಲಿಲ್ಲ. ಕೆಲವು ವಾರಗಳ ಮೇಲೆ ಇನ್ನೊಂದು ಬಿರುಗಾಳಿ ಬಂದು, ಖಾಲಿ ಹಡಗನ್ನು ಬಂಡೆಯಿಂದ ಕಿತ್ತು ದ್ವೀಪದ ದಡದ ಮೇಲೆ ಎತ್ತಿ ಹಾಕಿತು. ಅಂದಿನಿಂದ ಅದು ಅಲ್ಲೇ ಇದೆ. ಡಬ್ಲಿನ್ ಪಕ್ಕದ ಡನ್ ಲೀರಿಯಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಈ ರಕ್ಷಣೆಯನ್ನು ಚಿತ್ರಗಳಲ್ಲಿ ತೋರಿಸಿದ್ದಾರೆ. ಡಬ್ಲಿನ್ನಿಗೆ ಹೋದಾಗ ಅಲ್ಲಿಗೆ ಮೊದಲು ಹೋಗು, ಆಮೇಲೆ ದ್ವೀಪಕ್ಕೆ.

ರಾಕೆಟ್ಟಿನ ಮಾತು ಬಂತಲ್ಲ, ಇದನ್ನು ಹೇಳದೆ ಮುಂದೆ ಹೋಗಲಾರೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಯುದ್ಧದಲ್ಲಿ ಹಾರಿಸುವ ವಿದ್ಯೆಯಲ್ಲಿ ಹದಿನೆಂಟನೇ ಶತಮಾನದ ಕೊನೆಗೆ ಮೈಸೂರು ಎಲ್ಲರಿಗಿಂತ ಮುಂದಿತ್ತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೇನೆ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಮೇಲೆ ಬಿಟ್ಟಿತು. ನಮ್ಮ ಬೆಂಗಳೂರು ಪೇಟೆಯ ತಾರಾಮಂಡಲಪೇಟೆಯಲ್ಲಿ ಆ ರಾಕೆಟ್ ಬಾಣಗಳ ಕೆಲಸ ನಡೆಯುತ್ತಿತ್ತು ಅಂತ ಹೇಳುತ್ತಾರೆ. ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ 2018ರಲ್ಲಿ ಒಂದು ಬಾವಿಯಿಂದ ಸಾವಿರದಷ್ಟು ರಾಕೆಟ್ ಕೊಳವೆಗಳು ಸಿಕ್ಕಿದ್ದು ನಿನಗೆ ನೆನಪಿರಬಹುದು. ಅವು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಅವುಗಳಿಂದ ಪ್ರೇರಣೆ ಪಡೆದು ವಿಲಿಯಂ ಕಾಂಗ್ರೀವ್ ಲಂಡನ್ನಿನ ವೂಲಿಚ್‌ನಲ್ಲಿ ತನ್ನ ರಾಕೆಟ್‌ಗಳನ್ನು ಮಾಡಿದ. ಟ್ರೆಂಗ್ರೌಸ್ ತನ್ನ ಪ್ರಯೋಗ ಶುರುಮಾಡುವ ಹೊತ್ತಿಗೆ ಕಾಂಗ್ರೀವನ ರಾಕೆಟ್‌ಗಳ ಸುದ್ದಿ ಆ ದೇಶದಲ್ಲೆಲ್ಲ ಹರಡಿತ್ತು. ಅದೇ ವೂಲಿಚ್‌ನಲ್ಲಿ 1865ರಲ್ಲಿ ಕರ್ನಲ್ ಬಾಕ್ಸರ್ ಅನ್ನುವವರು ಜೀವರಕ್ಷಕ ರಾಕೆಟ್ಟನ್ನು ಸುಧಾರಿಸಿದರು, ಅದು ಬಹಳ ಕಾಲ ಆ ತೀರಗಳಲ್ಲೆಲ್ಲ ಬಳಕೆಯಲ್ಲಿತ್ತು. ಕೊಲ್ಲಲು ಹುಟ್ಟಿದ ಒಂದು ವಿದ್ಯೆ ಎಂಬತ್ತು ತೊಂಬತ್ತು ವರ್ಷದಲ್ಲಿ ಎಷ್ಟು ಕೈ ಬದಲಾಯಿಸಿ ಏನಾಯಿತು ನೋಡು. ಶ್ರೀರಂಗಪಟ್ಟಣಕ್ಕೆ ನಿಮ್ಮನ್ನೆಲ್ಲ ಕರೆದುಕೊಂಡು ಹೋದಾಗ ನಾನು ಕೋಟೆಯ ಸೋಲಿನ ಕಥೆ ಹೇಳಿದ್ದೆ. ಈ ಅರ್ಧವನ್ನೂ ಅದರ ಜೊತೆ ಇಟ್ಟುಕೋ.

ಹಡಗಿನ ಹೆಸರಿನಲ್ಲೂ ನಮ್ಮ ಚರಿತ್ರೆಯೇ ಇದೆ. 1757ರ ಜೂನ್ 23ರಂದು ಬಂಗಾಳದ ಪ್ಲಾಸಿಯಲ್ಲಿ ಸಿರಾಜುದ್ದೌಲನನ್ನು ಸೋಲಿಸಿದ ರಾಬರ್ಟ್ ಕ್ಲೈವ್‌ಗೆ 1762ರಲ್ಲಿ ಐರ್ಲೆಂಡಿನ ಒಂದು ಪದವಿ ಸಿಕ್ಕಿತು, ಕ್ಲೇರ್ ಜಿಲ್ಲೆಯ 'ಪ್ಲಾಸಿಯ ಬ್ಯಾರನ್' ಅಂತ. ಲಿಮರಿಕ್ ಪಕ್ಕದ ಅವನ ಆಸ್ತಿಗೆ ಆ ಯುದ್ಧಭೂಮಿಯ ಹೆಸರೇ ನಿಂತಿತು. ಈಗ ಅಲ್ಲಿ ಲಿಮರಿಕ್ ವಿಶ್ವವಿದ್ಯಾಲಯ ಇದೆ. ಲಿಮರಿಕ್ ಸ್ಟೀಮ್‌ಶಿಪ್ ಕಂಪನಿ 1951ರಲ್ಲಿ ಈ ಹಡಗನ್ನು ತೆಗೆದುಕೊಂಡು ತನ್ನ ಊರಿನ ಆ ಜಾಗದ ಹೆಸರಿಟ್ಟಿತು. ಅದಕ್ಕೂ ಮೊದಲು ಹಡಗಿಗೆ ಬೇರೆ ಎರಡು ಹೆಸರಿದ್ದವು. 1940ರಲ್ಲಿ ಯಾರ್ಕ್‌ಷೈರಿನ ಬೆವರ್ಲಿಯಲ್ಲಿ ಕಟ್ಟಿದಾಗ ಅದು ಯುದ್ಧಕಾಲದ ಟ್ರಾಲರ್, ಶೇಕ್ಸ್‌ಪಿಯರನ ಪಾತ್ರಗಳ ಹೆಸರಿಟ್ಟ ಒಂದು ಸರಣಿಯಲ್ಲಿ ಸೇರಿತ್ತು. ಇದರ ಹೆಸರು ಜೂಲಿಯೆಟ್. ಯುದ್ಧ ಮುಗಿದು 1947ರಲ್ಲಿ ಮಾರಾಟವಾಗಿ ಪೀಟರ್‌ಜಾನ್ ಆಯಿತು, ಸರಕು ಹೊರುವ ಹಡಗಾಯಿತು. ಉದ್ದ ಸುಮಾರು 50 ಮೀಟರ್. ನಿನ್ನ ಸ್ನೇಹಿತರು ಪ್ಲಾಸಿ ಅನ್ನೋ ಹೆಸರು ಎಲ್ಲೋ ಕೇಳಿದ ಹಾಗಿದೆ ಅಂದಾಗ ಇದನ್ನೆಲ್ಲ ಹೇಳಬೇಕಾದವಳು ನೀನು.

ಈಗ ಹೋಗುವ ದಾರಿ. ಗಾಲ್ವೇಯಿಂದ ಪಶ್ಚಿಮಕ್ಕೆ ರೊಸ್ಸವೀಲ್ ಅನ್ನುವ ಬಂದರಿದೆ, ಅಲ್ಲಿಂದ ವರ್ಷವಿಡೀ ಫೆರ್ರಿ ಇದೆ. ಕ್ಲೇರ್ ಜಿಲ್ಲೆಯ ಡೂಲಿನ್‌ನಿಂದ ಹತ್ತಿರ, ಆದರೆ ಆ ಫೆರ್ರಿ ವಸಂತದಿಂದ ಅಕ್ಟೋಬರ್‌ವರೆಗೆ ಮಾತ್ರ. ನೀನು ಸೆಪ್ಟೆಂಬರಿನಲ್ಲಿ ತಲುಪುತ್ತೀ. ಮೊದಲ ವಾರಗಳಲ್ಲೇ ಓಡಬೇಡ. ನನ್ನ ಮಾತು ಕೇಳಿದರೆ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಇಟ್ಟುಕೋ. ಹಗಲು ಉದ್ದವಾಗಿರುತ್ತದೆ, ಹೊಲಗಳ ಕಲ್ಲುಗೋಡೆಗಳ ನಡುವೆ ಹೂವಿರುತ್ತದೆ, ಜುಲೈ-ಆಗಸ್ಟಿನ ನೂಕುನುಗ್ಗಲು ಇರೋದಿಲ್ಲ. ಡೂಲಿನ್ ಕಡೆಯಿಂದ ಹೋದರೆ ಮರಳುವಾಗ ಮೊಹರ್ ಬಂಡೆಗಳ ಕೆಳಗಿಂದ ಹಾದುಬರುವ ದೋಣಿಯ ಟಿಕೆಟ್ ತೆಗೆದುಕೋ. 214 ಮೀಟರ್ ಎತ್ತರವನ್ನು ಮೇಲಿಂದ ಬಗ್ಗಿ ನೋಡೋದಕ್ಕಿಂತ ಕೆಳಗಿನಿಂದ ಕತ್ತೆತ್ತಿ ನೋಡಿದಾಗ ಗೊತ್ತಾಗುತ್ತದೆ. ಗಾಳಿ ಜೋರಾದರೆ ಫೆರ್ರಿ ನಿಲ್ಲಿಸುತ್ತಾರೆ. ಆಗ ಬೇಜಾರು ಮಾಡಿಕೊಳ್ಳಬೇಡ, ಜಗಳಕ್ಕೂ ನಿಲ್ಲಬೇಡ. ಅವರಿಗೆ ಆ ನೀರು ಗೊತ್ತು. ಮಾರನೇ ದಿನ ಪರೀಕ್ಷೆಯೋ ವಿಮಾನವೋ ಇರುವಾಗ ಮಾತ್ರ ದ್ವೀಪಕ್ಕೆ ಹೋಗಬೇಡ. ಹೊರಡೋ ಅರ್ಧ ಗಂಟೆ ಮೊದಲು ವಾಂತಿಯ ಮಾತ್ರೆ ನುಂಗು, ಖಾಲಿ ಹೊಟ್ಟೆಯಲ್ಲಿ ಹತ್ತಬೇಡ. ಇಲ್ಲಿಂದ ಒಯ್ಯುವ ಮೆತ್ತನೆ ತಳದ ಚಪ್ಪಲಿ ಅಲ್ಲಿಗಲ್ಲ. ಹಿಡಿತವಿರುವ ಶೂ, ಗಾಳಿ ತೂರದ ಮೇಲಂಗಿ, ಕಿವಿ ಮುಚ್ಚುವ ಟೋಪಿ ಬೇಕು. ಚಪಾತಿ ಸುತ್ತಿ ಚಟ್ನಿಪುಡಿ ಇಟ್ಟುಕೋ. ಸಸ್ಯಾಹಾರ ಸಿಗುತ್ತದೆ, ಆದರೆ ಚಿಕ್ಕ ದ್ವೀಪ, ನೀನು ಹೋದ ಹೊತ್ತಿಗೆ ಸಿಗಬೇಕಲ್ಲ.

ನಿನ್ನ ಅಪ್ಪ-ಅಮ್ಮನಿಗೂ ಒಂದು ಮಾತು ಇದರಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅವರು ಬರುವ ಯೋಚನೆ ಇದೆಯಂತೆ. ಯುರೋಪು ಸುತ್ತಲು ಮಾಡಿಸುವ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯೋದಿಲ್ಲ, ಐರ್ಲೆಂಡಿಗೆ ಪ್ರತ್ಯೇಕ ವೀಸಾ ಬೇಕು. ಹಾಗೆಯೇ ನೀನು ಗೆಳತಿಯರ ಜೊತೆ ಬೆಲ್‌ಫಾಸ್ಟಿಗೆ ಹೋಗಬೇಕೆಂದರೆ ಅದು ಬ್ರಿಟನ್ನಿಗೆ ಸೇರಿದ ಊರು. ಗಡಿಯಲ್ಲಿ ಯಾರೂ ತಡೆಯಲಿಲ್ಲ ಅಂತ ದಾಟಿಬಿಡಬೇಡ, ಕಾಗದಪತ್ರ ಸರಿ ಮಾಡಿಕೊಂಡೇ ಹೋಗು.

ದೋಣಿ ಇಳಿದ ಮೇಲೆ ಕುದುರೆ ಗಾಡಿಯವರು, ಬಾಡಿಗೆ ಸೈಕಲ್ಲಿನವರು ಕರೆಯುತ್ತಾರೆ. ನಿನಗೆ ಕಾಲು ಗಟ್ಟಿ ಇದೆ, ನಡೆ. ದ್ವೀಪದ ಪೂರ್ವ ದಡಕ್ಕೆ ಮುಕ್ಕಾಲು ಗಂಟೆಯ ಹಾದಿ. ಎರಡೂ ಕಡೆ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳು, ಅವುಗಳ ನಡುವೆ ಕೋಣೆಯಷ್ಟಗಲದ ಹೊಲಗಳು. ಆ ದ್ವೀಪ ಪೂರಾ ಸುಣ್ಣಕಲ್ಲು. ಮಣ್ಣೇ ಇಲ್ಲದ ಕಡೆ ತಲೆತಲಾಂತರದಿಂದ ಮರಳನ್ನೂ ಕಡಲಪಾಚಿಯನ್ನೂ ಬೆನ್ನ ಮೇಲೆ ಹೊತ್ತು ತಂದು ಹರಡಿ ಮಣ್ಣು ಮಾಡಿದ್ದಾರೆ. ದಾರಿಯಲ್ಲಿ ಸ್ಮಶಾನದ ಗುಡ್ಡದ ಮೇಲೆ ಸಂತ ಕೇವನರ ಹಳೆಯ ಚರ್ಚು ಇದೆ. ಸುತ್ತ ಮರಳು ಏರಿ ಏರಿ ಚರ್ಚು ನೆಲಮಟ್ಟಕ್ಕಿಂತ ಕೆಳಗಿದೆ. ಪ್ರತಿ ವರ್ಷ ಜೂನ್ 14ರ ಹಬ್ಬಕ್ಕೆ ಮುಂಚೆ ಊರವರೆಲ್ಲ ಸೇರಿ ಸಲಿಕೆ ಹಿಡಿದು ಮರಳು ತೆಗೆಯುತ್ತಾರೆ, ಗಾಳಿ ಮತ್ತೆ ತುಂಬುತ್ತದೆ, ಮತ್ತೆ ತೆಗೆಯುತ್ತಾರೆ. ಇದನ್ನು ನೋಡಿದ ಮೇಲೆ, ಬಿರುಗಾಳಿಯಲ್ಲಿ ಹಗ್ಗ ಎಳೆದವರು ಎಂಥ ಜನ ಅನ್ನೋದು ನನಗೆ ಸರಿಯಾಗಿ ತಿಳಿಯಿತು. ಅದೊಂದು ದಿನದ ಸಾಹಸ ಅಲ್ಲ, ಅವರ ದಿನನಿತ್ಯದ ಬದುಕೇ ಹಾಗಿತ್ತು.

ಅವರ ಮನೆಮಾತು ಐರಿಷ್. ಬೇಸಿಗೆಯಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳು ಆ ಭಾಷೆ ಕಲಿಯಲೆಂದೇ ದ್ವೀಪಕ್ಕೆ ಬಂದು ಅಲ್ಲಿನ ಮನೆಗಳಲ್ಲಿ ಉಳಿದುಕೊಳ್ಳುತ್ತಾರೆ. ನೀನು ಇಂಗ್ಲಿಷಿನಲ್ಲಿ ಮಾತಾಡಿದರೂ ಕೊನೆಗೆ 'ಗೊ ರೆವ್ ಮಾ ಅಗತ್' ಅಂತ ಧನ್ಯವಾದ ಹೇಳು. ಅಂಗಡಿಯ ಅಜ್ಜಿಯ ಮುಖ ಅರಳುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೊರಗಿನವರೊಬ್ಬರು 'ಎಷ್ಟಮ್ಮಾ' ಅಂತ ಕೇಳಿದಾಗ ಹೂವಿನವಳಿಗೆ ಆಗುವ ಸಂತೋಷ ನಿನಗೆ ಗೊತ್ತೇ ಇದೆ.

ಹಡಗು ಮೊದಲು ದೂರದಿಂದ ಕಾಣುತ್ತದೆ. ಬೂದು ಕಲ್ಲುಗಳ ರಾಶಿಯ ಮೇಲೆ ಕೆಂಪು. ಹತ್ತಿರ ಹೋದಂತೆ ಅದರ ಮೈಯಲ್ಲಿ ಬಾಗಿಲಿನಷ್ಟಗಲದ ತೂತುಗಳು, ಅವುಗಳಿಂದ ಆಚೆಯ ಸಮುದ್ರ ಕಾಣುತ್ತದೆ. ಒಳಗೆ ಮುರಿದ ಯಂತ್ರದ ಭಾಗಗಳು. 2014ರ ಜನವರಿಯ ಬಿರುಗಾಳಿ ಇಷ್ಟು ಭಾರದ ಕಬ್ಬಿಣವನ್ನೂ ಜರುಗಿಸಿತು. ಅಲ್ಲಿ ಬೇಲಿ ಇಲ್ಲ, ಕಾವಲುಗಾರರೂ ಇಲ್ಲ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ, ಒಳಗೆ ಹೋಗಬೇಡ. ಮೇಲೆ ಹತ್ತಬೇಡ. ಯಾರಾದರೂ ಹತ್ತಿದ್ದಾರೆ ಅಂತ ನೀನೂ ಹತ್ತಬೇಡ. ಅರವತ್ತು ವರ್ಷ ಉಪ್ಪುಗಾಳಿ ತಿಂದ ತಗಡು ಕಾಲಿಟ್ಟರೆ ಮುರಿಯುತ್ತದೆ, ಕೊಯ್ದರೆ ಆಸ್ಪತ್ರೆ ಸಮುದ್ರದ ಆಚೆ ಇದೆ. ಕಾಲಡಿಯ ದುಂಡು ಕಲ್ಲುಗಳೂ ಉರುಳುತ್ತವೆ. ಅಲೆಯ ಕಡೆಗೆ ಬೆನ್ನು ಮಾಡಿ ಫೋಟೋಕ್ಕೆ ನಿಲ್ಲಬೇಡ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ಮಕ್ಕಳು ನೀರುಪಾಲಾದರು. ಆ ಸುದ್ದಿ ಓದಿದ ದಿನ ನಿನ್ನ ವಯಸ್ಸಿನವರೆಲ್ಲ ನನ್ನ ಕಣ್ಣ ಮುಂದೆ ಬಂದರು. ತುಕ್ಕಿನ ತುಂಡೊಂದನ್ನು ನೆನಪಿಗೆ ಅಂತ ಕಿತ್ತು ತರಲೂಬೇಡ. ಬಂದವರೆಲ್ಲ ಒಂದೊಂದು ತುಂಡು ಒಯ್ದರೆ ಕಡಲಿಗಿಂತ ಮೊದಲು ಅವರೇ ಆ ಹಡಗನ್ನು ಮುಗಿಸಿದ ಹಾಗೆ.

ಫೋಟೋ ತೆಗೆಸಿಕೋ, ಬೇಡ ಅನ್ನೋದಿಲ್ಲ. ತೆಗೆಸಿಕೊಂಡ ಮೇಲೆ ಮೊಬೈಲನ್ನು ಜೇಬಿಗೆ ಹಾಕಿ, ಅಲೆಯಿಂದ ದೂರ ಬಂದು ಒಳನಾಡಿನ ಕಡೆ ತಿರುಗು. ಮನೆಗಳು ಎಷ್ಟು ದೂರ ಇವೆ ನೋಡು. ಅಷ್ಟು ದೂರದಿಂದ, ನೆಟ್ಟಗೆ ನಿಲ್ಲಲಾಗದ ಗಾಳಿಯಲ್ಲಿ, ರಾಕೆಟ್ಟು, ಹಗ್ಗ, ರಾಟೆ ಎಲ್ಲವನ್ನೂ ಹೊತ್ತು ಈ ಉರುಳುವ ಕಲ್ಲುಗಳ ಮೇಲೆ ಬಂದವರು ಅವರು. ಹಡಗಿನಲ್ಲಿದ್ದವರು ಅವರಿಗೆ ನೆಂಟರಲ್ಲ, ಪರಿಚಯದವರೂ ಅಲ್ಲ. ಜಾನ್ ಮಿಲಿಂಗ್ಟನ್ ಸಿಂಗ್ ಅನ್ನುವ ನಾಟಕಕಾರ ಈ ಅರಾನ್ ದ್ವೀಪಗಳಲ್ಲಿ ಉಳಿದು, ಗಂಡುಮಕ್ಕಳನ್ನೆಲ್ಲ ಕಡಲಿಗೆ ಕೊಟ್ಟ ಒಬ್ಬ ತಾಯಿಯ ನಾಟಕ ಬರೆದರು. ಆ ದ್ವೀಪದ ಮನೆಮನೆಗೂ ಅಂಥ ನೆನಪಿತ್ತು. ಕಡಲಿನಲ್ಲಿ ಸಿಕ್ಕಿಬಿದ್ದವರು ಯಾರೇ ಆಗಿರಲಿ, ತಮ್ಮವರೇ ಅಂತ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ದಕ್ಷಿಣ ತುದಿಯಲ್ಲಿ 1857ರಲ್ಲಿ ಬೆಳಗಿದ ದೀಪಸ್ತಂಭವೂ ಇದೆ. ಸಮಯವಿದ್ದರೆ ಅಲ್ಲಿಯವರೆಗೆ ನಡೆ. ದೀಪವಿದ್ದರೂ ಹಡಗು ಒಡೆಯುತ್ತದೆ. ಆಗ ಬೇಕಾಗೋದು ದಡಕ್ಕೆ ಬರುವ ಮನುಷ್ಯರು.

ಇನ್ನು ನಮ್ಮ ಕಡಲಿನ ಮಾತು. ಗೋವಾದ ಕ್ಯಾಂಡೋಲಿಮ್‌ನಲ್ಲಿ 2000ದ ಜೂನ್‌ನಲ್ಲಿ ರಿವರ್ ಪ್ರಿನ್ಸೆಸ್ ಅನ್ನುವ ಅದಿರು ಹಡಗು ಮರಳಿಗೆ ಹೂತುಕೊಂಡು ಹತ್ತು ವರ್ಷಕ್ಕೂ ಹೆಚ್ಚು ಅಲ್ಲೇ ನಿಂತಿತ್ತು. ಬೆಂಗಳೂರಿನಿಂದ ಹೋದ ಹುಡುಗರ ಆಲ್ಬಮ್ಮುಗಳಲ್ಲೆಲ್ಲ ಆ ಹಡಗಿದೆ, ಅದರ ಕಥೆ ಯಾರನ್ನು ಕೇಳಿದರೂ ಗೊತ್ತಿಲ್ಲ. ಕಾರವಾರದ ಹತ್ತಿರ 2006ರಲ್ಲಿ ಓಷನ್ ಸೆರಾಯ ಬಂಡೆಗೆ ಬಡಿದು ಎಣ್ಣೆ ಚೆಲ್ಲಿತು. 2009ರ ಜುಲೈನಲ್ಲಿ ಮಂಗಳೂರಿನಿಂದ ಕಬ್ಬಿಣದ ಅದಿರು ತುಂಬಿ ಹೊರಟ ಏಷ್ಯನ್ ಫಾರೆಸ್ಟ್ ಮಗುಚಿತು. ಮಳೆಗಾಲದಲ್ಲಿ ಒದ್ದೆಯಾದ ಅದಿರಿನ ಪುಡಿ ಹಡಗಿನ ಅಲುಗಾಟಕ್ಕೆ ಕೆಸರಾಗಿ ಒಂದು ಕಡೆಗೆ ಜಾರಿದರೆ ಎಂಥ ಹಡಗೂ ವಾಲುತ್ತದೆ. ಏಷ್ಯನ್ ಫಾರೆಸ್ಟಿನ ಹದಿನೆಂಟು ಚೀನೀ ನಾವಿಕರೂ ಬದುಕಿದರು. 2022ರ ಜೂನ್‌ನಲ್ಲಿ ಉಳ್ಳಾಲದ ಕಡಲಿನಲ್ಲಿ ಪ್ರಿನ್ಸೆಸ್ ಮಿರಾಲ್ ಮುಳುಗಿದಾಗ ನಮ್ಮ ಕರಾವಳಿ ಕಾವಲು ಪಡೆ ಹದಿನೈದು ಮಂದಿ ಸಿರಿಯಾ ದೇಶದವರನ್ನು ಉಳಿಸಿ ತಂದಿತು. ಅದು ಉಕ್ಕಿನ ಸುರುಳಿ ಹೊತ್ತು ಲೆಬನಾನಿಗೆ ಹೊರಟ ಹಡಗು. ಇನಿಶೀರ್‌ನ ಹನ್ನೊಂದು ಮಂದಿಯ ಕಥೆಗಿಂತ ಇವು ಯಾವುದರಲ್ಲೂ ಕಡಿಮೆಯವಲ್ಲ. ಉಳ್ಳಾಲದ ಆ ಮಳೆಯ ಸಂಜೆಯ ವಿಷಯ ನಿನ್ನ ಪೀಳಿಗೆಯ ಎಷ್ಟು ಜನಕ್ಕೆ ಗೊತ್ತು, ಹೇಳು.

ಉಳಿಯದೇ ಹೋದವರ ನೆನಪೂ ಇರಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಜೊತೆ ಕಾಣೆಯಾಯಿತು. ಉಡುಪಿ ಜಿಲ್ಲೆಯವರು, ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಮನೆಯವರು ಕಾದರು. ಮಲ್ಪೆಯಲ್ಲಿ ಮೀನುಗಾರರು ಸಾವಿರಗಟ್ಟಲೆ ಸೇರಿ ಹೆದ್ದಾರಿಯಲ್ಲಿ ಕೂತು ಹುಡುಕಿಕೊಡಿ ಅಂತ ಕೇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲತಳದಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗಿನವರು ಬೋಟಿನ ಅವಶೇಷವನ್ನು ಕಂಡರು. ಜನ ಸಿಗಲಿಲ್ಲ. ಪ್ಲಾಸಿಯಂತೆ ನಿಂತು ನೋಡಲು ಅದಕ್ಕೆ ಒಂದು ದಡವೂ ಇಲ್ಲ. ನಾವು ಮಲ್ಪೆ ಬೀಚಿನಲ್ಲಿ ಐಸ್‌ಕ್ರೀಮ್ ತಿಂದು ದ್ವೀಪದ ದೋಣಿಗೆ ಸಾಲು ನಿಲ್ಲುವಾಗ ಪಕ್ಕದ ಬಂದರಿನಲ್ಲಿ ಅವರ ಜೊತೆ ದುಡಿದವರು ಇದ್ದಾರೆ.

ಅರವತ್ತು ವರ್ಷ ಹಳೆಯ ಒಂದು ರಕ್ಷಣೆಯನ್ನು ಇನಿಶೀರ್‌ನ ಜನ ಇನ್ನೂ ಹೇಳುತ್ತಾರೆ, ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಮ್ಮಲ್ಲಿ ಮೊಗವೀರರು, ಖಾರ್ವಿಗಳು, ಹರಿಕಂತ್ರರು ಕಡಲಿನಲ್ಲಿ ಪರರನ್ನು ಎಳೆದು ಉಳಿಸಿದ ಕಥೆಗಳು ಬಂದರಿನ ಮಾತಿನಲ್ಲಿವೆ, ಕಾಗದಕ್ಕೆ ಇಳಿದದ್ದು ಕಡಿಮೆ. ಬೋಟು ನಡೆಸುವ ತಾಂಡೇಲರಾಗಿದ್ದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನೀನು ಓದಲು ಹೊರಟಿರುವುದು ಪತ್ರಿಕೋದ್ಯಮ. ಡಿಸೆಂಬರಿನಲ್ಲೋ ಮುಂದಿನ ಬೇಸಿಗೆಯಲ್ಲೋ ಮನೆಗೆ ಬಂದಾಗ ಎರಡು ದಿನ ಬಿಡುವು ಮಾಡಿಕೊಂಡು ನನ್ನ ಜೊತೆ ಮಲ್ಪೆಗೆ ಬಾ. ಜೂನ್, ಜುಲೈ ಆದರೆ ಇನ್ನೂ ಒಳ್ಳೆಯದು. ಯಾಂತ್ರಿಕ ಬೋಟುಗಳು ಕಡಲಿಗಿಳಿಯದ ತಿಂಗಳು ಅವು, ಬಲೆ ನೇಯುತ್ತಾ ಕೂತಿರುತ್ತಾರೆ, ಮಾತಾಡಲು ಹೊತ್ತು ಇರುತ್ತದೆ. ಮೊದಲು ಅವರಿಗೆ ಇನಿಶೀರ್‌ನ ಹಗ್ಗದ ಕಥೆ ಹೇಳು. ಆಮೇಲೆ ಅವರು ಯಾರನ್ನು ಎಳೆದು ತಂದರು, ಯಾರನ್ನು ತರಲಾಗಲಿಲ್ಲ ಅಂತ ಕೇಳು. ಹೆಸರು, ಊರು, ವರ್ಷ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡು.

ಇಂತಿ ನಿನ್ನ
ದೊಡ್ಡಮ್ಮ
ಜಯನಗರ